ಯಲಿಯೂರಿನ ಪದ್ಮಿನಿ

ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರೆಲ್ಲರೂ ಯಲಿಯೂರನ್ನು ದಾಟಿಯೇ ಹೋಗಬೇಕು. ಆದರೆ ದಾಟಿದೆವೆಂದು ಬಲ್ಲವರು ಹೆಚ್ಚು ಮಂದಿಯಿಲ್ಲ. ಪಾಂಡವಪುರವನ್ನು ಬಿಟ್ಟ ಮೇಲೆ, ಮಂಡ್ಯ ಬರುವುದಕ್ಕೆ ಸ್ವಲ್ಪ ಮುಂಚೆ, ಕಬ್ಬಿನ ಗದ್ದೆಗಳ ನಡುವೆ ಒಂದು ಹಳದಿಯ ಹಲಗೆ ಕಣ್ಣೆದುರಿಗೆ ಸುಳಿದು ಮಾಯವಾಗುತ್ತದೆ. ವೇಗದ ಗಾಡಿಗಳಿಗೆ ಅಲ್ಲಿ ನಿಲ್ಲುವಷ್ಟು ವ್ಯವಧಾನವಿಲ್ಲ. ನನಗೆ ಮಾತ್ರ ಆ ಹಲಗೆಯು ನಲವತ್ತು ವರ್ಷಗಳಿಂದ ಅಕ್ಕನ ಮನೆಯ ಬಾಗಿಲಾಗಿದೆ.

ಕಳೆದ ಮಾಘಮಾಸದಲ್ಲಿ ಒಂದು ದಿನ ಅಕ್ಕ ಫೋನು ಮಾಡಿದಳು. “ನೀನು ಬಂದು ನಿನ್ನ ಅಳಿಯನಿಗೆ ಎರಡು ಮಾತು ಬುದ್ಧಿ ಹೇಳಬೇಕು. ನಿಮ್ಮ ಭಾವನ ಗಾಡಿಗೆ ಗುಜರಿಯವನು ಬಂದು ಬೆಲೆ ಕಟ್ಟಿ ಹೋಗಿದ್ದಾನೆ, ಇವನು ಕೊಡಲೊಲ್ಲ. ಭಾನುವಾರ ಬಂತೆಂದರೆ ಅದರ ಕೆಳಗೆ ಮಲಗಿಬಿಡುತ್ತಾನೆ. ಸಂಬಳವೆಲ್ಲ ಅದರ ಹೊಟ್ಟೆಗೆ ಹೋಗುತ್ತಿದೆ. ನೀನು ಹೇಳಿದರೆ ಕೇಳುತ್ತಾನೆ” ಎಂದಳು. ಮೂವತ್ತು ವರ್ಷ ಪರರ ಮಕ್ಕಳಿಗೆ ಬುದ್ಧಿ ಹೇಳಿದವನು ನಾನು. ಸ್ವಂತ ಸೋದರಳಿಯನಿಗೆ ಹೇಳಲಾರೆನೆಂದು ಒಪ್ಪಿಕೊಳ್ಳುವುದು ಹೇಗೆ? ಬರುತ್ತೇನೆಂದೆನು.

ಮೈಸೂರಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟೆನು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ ಕೋಟೆಯನ್ನು ಹೊಕ್ಕಾಗ ಟಿಪ್ಪುಸುಲ್ತಾನನ ಕಾಲದ ಶಸ್ತ್ರಾಗಾರವೊಂದು ನೆನಪಿಗೆ ಬಂದಿತು. ಎರಡನೆಯ ರೈಲುಹಳಿಯನ್ನು ಹಾಕುವುದಕ್ಕೆ ಆ ಕಟ್ಟಡ ಅಡ್ಡವಾಗಿದ್ದಿತು. ಅದನ್ನು ಒಡೆಯಬಾರದೆಂದು ನಿಶ್ಚಯವಾದ ಮೇಲೆ, 2017ರಲ್ಲಿ ಒಂದು ಇಟ್ಟಿಗೆಯನ್ನೂ ಬಿಚ್ಚದೆ, ಇಡಿಯಾಗಿ ತಳದಿಂದ ಬಿಡಿಸಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಹಳೆಯದೊಂದನ್ನು ಉಳಿಸಬೇಕೆಂದು ಮನಸ್ಸುಮಾಡಿದರೆ ಜನರು ಎಷ್ಟು ಶ್ರಮವನ್ನಾದರೂ ಪಡುವರೆಂದು ಮೆಚ್ಚಿಕೊಂಡೆನು. ಮೆಚ್ಚಿಕೊಂಡ ಮೇಲೆ, ನಾನು ಹೊರಟಿರುವುದು ಹಳೆಯದೊಂದನ್ನು ಮಾರಿಸುವುದಕ್ಕೆ ಎಂಬುದು ನೆನಪಾಗಿ ಸ್ವಲ್ಪ ಸಂಕೋಚವಾಯಿತು.

ಯಲಿಯೂರಿನಲ್ಲಿಳಿದು ಊರ ಕಡೆಗೆ ನಡೆದೆನು. ಕಬ್ಬು ಕಡಿಯುವ ಕಾಲ. ಹೊರೆಯನ್ನು ಹೇರಿಕೊಂಡ ಟ್ರಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ದೂರದ ಆಲೆಮನೆಯೊಂದರಿಂದ ಕುದಿಯುವ ಹಾಲಿನ ಕಂಪು ಗಾಳಿಯಲ್ಲಿ ತೇಲಿ ಬರುತ್ತಿದ್ದಿತು. ಈ ಸೀಮೆಯು ಮೊದಲಿನಿಂದ ಹೀಗಿದ್ದುದಲ್ಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಉಪವಾಸ ಎಂಬುದು ಹಿಂದಿನವರ ಪಾಡು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. ಅದರ ನಾಲೆಯು ಹುಲಿಕೆರೆಯ ಬಳಿ ದಿಣ್ಣೆಯನ್ನೇ ಕೊರೆದ ಸುರಂಗದಲ್ಲಿ ಹಾದು 1930ರ ದಶಕದಲ್ಲಿ ಮಂಡ್ಯದ ಬಯಲಿಗೆ ನೀರನ್ನು ತಂದಿತು. ಮೊದಲು ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಆಮೇಲೆ ಬಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನೀರಿನಿಂದ ಕಬ್ಬು, ಕಬ್ಬಿನಿಂದ ಹಣ, ಹಣದಿಂದ ನಮ್ಮ ಭಾವನವರ ಮೋಟಾರು.

ಭಾವನವರು ಆ ಗಾಡಿಯನ್ನು ಕೊಂಡದ್ದು 1993ರಲ್ಲಿ. ಆಗಲೇ ಅದಕ್ಕೆ ಹದಿನಾಲ್ಕು ವರ್ಷ ವಯಸ್ಸಾಗಿದ್ದಿತು. 1979ರ ಪ್ರೀಮಿಯರ್ ಪದ್ಮಿನಿ. ತಿಳಿ ಹಸುರು ಬಣ್ಣ. ಭಾವನವರು ತೀರಿಕೊಂಡು ನಾಲ್ಕು ವರ್ಷಗಳಾದವು. ಅಂದಿನಿಂದ ಅದು ಕೆಲಸ ನಿಂತುಹೋದ ಅವರ ಆಲೆಮನೆಯ ಮಾಡಿನ ಕೆಳಗೆ, ಗಾಣ ಕೊಪ್ಪರಿಗೆಗಳ ಪಕ್ಕದಲ್ಲಿ ನಿಂತಿದೆ. ನಾನು ಹೋಗಿ ನೋಡುವ ಹೊತ್ತಿಗೆ ಅದರ ನಾಲ್ಕು ಚಕ್ರಗಳೂ ಬಿಚ್ಚಿದ್ದವು. ದಪ್ಪನಾದ ಮರದ ದಿಮ್ಮಿಗಳ ಮೇಲೆ ಗಾಡಿ ಕುಳಿತಿದ್ದಿತು. ಕೆಳಗಿನಿಂದ ಎರಡು ಕಾಲುಗಳು ಹೊರಕ್ಕೆ ಚಾಚಿದ್ದವು.

“ಮಾವ, ಬಂದಿರಾ? ಆ ಹದಿಮೂರನೆಯ ನಂಬರಿನ ಸ್ಪ್ಯಾನರು ಕೊಡಿ” ಎಂದವು ಕಾಲುಗಳು.

ಹೀಗೆ ಬುದ್ಧಿ ಹೇಳಲು ಹೋದವನು ಸ್ಪ್ಯಾನರು ಎತ್ತಿಕೊಡುವವನಾದೆನು.

ನನ್ನ ಅಳಿಯ ತೂಬಿನಕೆರೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಅವನು ಈ ಗಾಡಿಯ ವಿಷಯದಲ್ಲಿ ಹೇಳಿದ್ದರಲ್ಲಿ ಕೆಲವು ನನಗೆ ಹೊಸವು. ಇದರ ಮೂಲ ಇಟಲಿಯ ಫಿಯೆಟ್ 1100. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯವರು ಅದನ್ನು 1960ರ ದಶಕದಲ್ಲಿ ‘ಡಿಲೈಟ್’ ಎಂದು ಮಾರಿದರು. 1970ರ ದಶಕದಲ್ಲಿ ಅದಕ್ಕೆ ‘ಪದ್ಮಿನಿ’ ಎಂದು ಹೆಸರಾಯಿತು. ಚಿತ್ತೂರಿನ ರಾಣಿಯ ಹೆಸರೆಂದು ಜನರು ಹೇಳುವರು. ಸಂಸ್ಕೃತವನ್ನು ಓದಿದವರಿಗೆ ಆ ಪದವು ತಾವರೆಯ ಬಳ್ಳಿ, ತಾವರೆಗಳಿರುವ ಕೊಳ ಎಂಬ ಅರ್ಥವನ್ನೂ ಕೊಡುತ್ತದೆ. ಮುಂಬಯಿಯಲ್ಲಿ ಕಪ್ಪು ಹಳದಿಯ ಟ್ಯಾಕ್ಸಿಗಳಾಗಿ ಸಾವಿರಾರು ಪದ್ಮಿನಿಗಳು ಓಡಿದವು. ಆ ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿಯು 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ನಮ್ಮ ದೇಶದಲ್ಲಿಯೇ ಮೋಟಾರುಗಳನ್ನು ಮಾಡಬೇಕೆಂದು ಮೊದಲು ಹಟ ಹಿಡಿದವರಲ್ಲಿ ವಿಶ್ವೇಶ್ವರಯ್ಯನವರು ಪ್ರಮುಖರು. ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯನ್ನು ಸಿದ್ಧಪಡಿಸಿದರು. ಮೈಸೂರು ಸಂಸ್ಥಾನದಲ್ಲಿ ಆ ಕಾರ್ಖಾನೆಯನ್ನು ಸ್ಥಾಪಿಸುವ ಮಾತೂ ನಡೆಯಿತು; ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಕಡೆಗೆ ಆ ಯೋಜನೆಯನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪೆನಿಯನ್ನು ಪ್ರಾರಂಭಿಸಿದರು. ಯಲಿಯೂರಿನ ಗದ್ದೆಗೆ ನೀರು ತಂದವರು ಯಾರೋ, ಆ ಗದ್ದೆಯ ಹಣದಲ್ಲಿ ಕೊಂಡ ಗಾಡಿಯನ್ನು ಮೊದಲು ಕನಸಿನಲ್ಲಿ ಕಂಡವರೂ ಅವರೇ. ಇದನ್ನು ಕೇಳಿದ ಮೇಲೆ ‘ಗುಜರಿಗೆ ಕೊಡು’ ಎಂಬ ಮಾತು ಗಂಟಲಿನಲ್ಲಿಯೇ ಉಳಿಯಿತು.

ಆದರೆ ಅಕ್ಕನ ಮಾತಿನಲ್ಲಿಯೂ ನ್ಯಾಯವಿದ್ದಿತು. ಇಪ್ಪತ್ತು ವರ್ಷ ಮೀರಿದ ಕಾರಿನ ನೋಂದಣಿಯನ್ನು ನವೀಕರಿಸುವುದಕ್ಕೆ 2025ರ ಆಗಸ್ಟಿನಿಂದ ಹತ್ತು ಸಾವಿರ ರೂಪಾಯಿ ಶುಲ್ಕ. ಅದೂ ಐದು ವರ್ಷಗಳಿಗೆ. ಐವತ್ತು ವರ್ಷ ತುಂಬಿ ಮೂಲರೂಪದಲ್ಲಿಯೇ ಇರುವ ಗಾಡಿಗಳಿಗೆ ‘ವಿಂಟೇಜ್’ ಎಂಬ ಬೇರೆ ವರ್ಗವನ್ನು 2021ರಲ್ಲಿ ಮಾಡಿದ್ದಾರೆ. ಪದ್ಮಿನಿಗೆ ಆ ವಯಸ್ಸು ಇನ್ನೂ ತುಂಬಿಲ್ಲ. ತುಂಬಿದರೂ ಆ ವರ್ಗದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮೊದಲಾದವಕ್ಕೆ ಮಾತ್ರ ಹೊರಗೆ ತರಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಇಷ್ಟರ ಮೇಲೆ ಅಳಿಯನಿಗೆ ಇನ್ನೊಂದು ಆಸೆ. ಹಳೆಯ 1089 ಸಿ.ಸಿ. ಎಂಜಿನನ್ನು ತೆಗೆದುಹಾಕಿ ಅದರ ಜಾಗದಲ್ಲಿ ಜಪಾನಿನ ದೊಡ್ಡ ಎಂಜಿನೊಂದನ್ನು ಕೂರಿಸಬೇಕು. ಬೆಂಗಳೂರಿನ ಶಿವಾಜಿನಗರದ ಹಳೆಯ ಸಾಮಾನಿನ ಕಡೆ ಒಂದನ್ನು ನೋಡಿಯೂ ಬಂದಿದ್ದನು. ಹಳೆಯ ರೂಪ, ಹೊಸ ವೇಗ: ಇದು ಅವನ ಸಂಕಲ್ಪ.

ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ನಾನು ನನ್ನ ಶಾಸ್ತ್ರವನ್ನು ಬಿಚ್ಚಿದೆನು. “ನೋಡಪ್ಪ, ನಮ್ಮವರು ಸಂಸ್ಕಾರವೆಂಬುದನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಇರುವ ದೋಷವನ್ನು ತೆಗೆಯುವುದು ಒಂದು. ಅದಕ್ಕೆ ದೋಷಾಪನಯನವೆಂದು ಹೆಸರು. ಇಲ್ಲದ ಗುಣವನ್ನು ಸೇರಿಸುವುದು ಇನ್ನೊಂದು, ಅದು ಗುಣಾಧಾನ. ಕನ್ನಡಿಯ ಧೂಳನ್ನು ಒರಸುವುದು ಮೊದಲನೆಯದು; ಅದಕ್ಕೆ ಚೌಕಟ್ಟು ಹಾಕಿಸುವುದು ಎರಡನೆಯದು. ನೀನು ಎರಡನೆಯದರಿಂದ ಮೊದಲು ಮಾಡುತ್ತಿದ್ದೀಯೆ. ಮೊದಲು ದೋಷವೇನೇನಿದೆಯೋ ನೋಡು. ಆಮೇಲೆ ಗುಣದ ಮಾತು.” ಅಳಿಯ ಒಪ್ಪಿದನು. ಅವನು ಒಪ್ಪಿದ್ದು ಶಾಸ್ತ್ರಕ್ಕಲ್ಲ. ಮಾರಬೇಕೆಂದು ನಾನು ಹೇಳಲಿಲ್ಲವೆಂಬ ಸಂತೋಷಕ್ಕೆ.

ಮರುದಿನ ಮಂಡ್ಯದಿಂದ ಮುದುಕರಾದ ಒಬ್ಬ ಮೇಸ್ತ್ರಿಗಳು ಬಂದರು. ಫಿಯೆಟ್ ಗಾಡಿಗಳಲ್ಲಿಯೇ ಕೈ ಪಳಗಿದವರು. ಅವರು ಕೆಲಸಮಾಡಿದ ಕ್ರಮವನ್ನು, ಮನೆಯಲ್ಲಿ ಹಳೆಯ ಗಾಡಿಯನ್ನು ನಿಲ್ಲಿಸಿಕೊಂಡಿರುವ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಬಹುಕಾಲ ನಿಂತ ಗಾಡಿಯನ್ನು ಒಮ್ಮೆಗೇ ಕೀಲಿ ತಿರುಗಿಸಿ ಹೊರಡಿಸಲು ಹೋಗಬಾರದು. ಒಳಗೆ ಪಿಸ್ಟನ್ನುಗಳಿಗೂ ಸಿಲಿಂಡರುಗಳಿಗೂ ನಡುವೆ ಎಣ್ಣೆಯ ಪಸೆ ಆರಿ, ಸಣ್ಣಗೆ ತುಕ್ಕು ಹಿಡಿದಿರುತ್ತದೆ. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಪ್ರತಿಯೊಂದು ರಂಧ್ರಕ್ಕೂ ಒಂದೆರಡು ಚಮಚ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಹಾಗೆಯೇ ಬಿಡಬೇಕು. ಅಳಿಯನು ಇದನ್ನು ಹಿಂದಿನ ದಿನವೇ ಮಾಡಿದ್ದನು. ಬೆಳಿಗ್ಗೆ ಎಂಜಿನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದಾಗ ಮೊದಲು ಬಿಗಿಯಾಗಿದ್ದು, ಆಮೇಲೆ ನಿಟ್ಟುಸಿರು ಬಿಟ್ಟಂತೆ ಸಡಿಲವಾಯಿತು. ಮೇಸ್ತ್ರಿಗಳು ಪ್ಲಗ್ಗಿನ ರಂಧ್ರದ ಮೇಲೆ ಹೆಬ್ಬೆಟ್ಟನ್ನಿಟ್ಟು, ಒಳಗಿನ ಗಾಳಿಯು ಬೆರಳನ್ನು ನೂಕುವ ರಭಸದಿಂದಲೇ ಯಾವ ಸಿಲಿಂಡರಿನ ಬಲ ಎಷ್ಟೆಂದು ಹೇಳಿದರು. ನಾಡಿ ಹಿಡಿದು ರೋಗ ಹೇಳುವ ವೈದ್ಯರ ನೆನಪಾಯಿತು. ಕಿಡಿ ಹಾರಿಸುವ ಪಾಯಿಂಟಿನ ಮಸಿಯನ್ನು ಉಜ್ಜಿ ತೆಗೆದು ಅರ್ಧ ಮಿಲಿಮೀಟರಿಗೂ ಕಡಿಮೆಯ ಸಂದನ್ನು ಬಿಟ್ಟರು. ನಾಲ್ಕು ಸಿಲಿಂಡರುಗಳಲ್ಲಿ ಕಿಡಿಯು ಒಂದು, ಎರಡು, ಮೂರು, ನಾಲ್ಕು ಎಂದು ಬೀಳುವುದಿಲ್ಲ. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಬೀಳುತ್ತದೆ. ತಂತಿಗಳನ್ನು ಬಿಚ್ಚುವ ಮುಂಚೆ ಗುರುತುಮಾಡಿಕೊಳ್ಳದಿದ್ದರೆ ಇಡೀ ದಿನ ವ್ಯರ್ಥವಾಗುವುದು.

ಪೆಟ್ರೋಲಿನ ಟ್ಯಾಂಕಿನದು ದೊಡ್ಡ ಕಥೆ. ನಾಲ್ಕು ವರ್ಷದ ಹಳೆಯ ಪೆಟ್ರೋಲು ಹುಳಿ ವಾಸನೆಯ ಅಂಟಾಗಿದ್ದಿತು. ರಬ್ಬರಿನ ಕೊಳವೆಗಳು ಕೆಲವು ಉಬ್ಬಿ ಮೆತ್ತಗಾಗಿದ್ದವು. ಕೆಲವು ಮುಟ್ಟಿದರೆ ಪುಡಿಯಾದವು. “ಇದು ನಿಮ್ಮ ಮಂಡ್ಯದ ಕಬ್ಬಿನ ಮಹಿಮೆ, ಮೇಷ್ಟ್ರೇ” ಎಂದು ಮೇಸ್ತ್ರಿಗಳು ನಕ್ಕರು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಮದ್ಯಸಾರವಾಗುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸಬಹುದು. ಇದು ಹೊಸ ಮಾತಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದ ಕಾಲದಲ್ಲಿ ಮಂಡ್ಯದ ಮದ್ಯಸಾರವೂ ಮೋಟಾರುಗಳಿಗೆ ಒದಗಿದ್ದಿತು. 1948ರಲ್ಲಿ ಇದಕ್ಕಾಗಿಯೇ ದೇಶದಲ್ಲಿ ಒಂದು ಶಾಸನವಾಯಿತು. ಈಗ ನೂರಕ್ಕೆ ಇಪ್ಪತ್ತು ಪಾಲು ಮದ್ಯಸಾರ ಬೆರೆತ ಪೆಟ್ರೋಲಿನ ಮಾರಾಟವು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಗಿ, 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. ಕಬ್ಬಿನ ರೈತನಿಗೆ ಇದರಿಂದ ಲಾಭವುಂಟು. ಆದರೆ 1979ರ ರಬ್ಬರು ಇದಕ್ಕಾಗಿ ಮಾಡಿದ್ದಲ್ಲ. ಮದ್ಯಸಾರವು ಅದನ್ನು ಉಬ್ಬಿಸುತ್ತದೆ, ತೇವವನ್ನು ಎಳೆದುಕೊಂಡು ತಗಡಿಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಹಳೆಯ ಗಾಡಿಯವರು ಕೊಳವೆ, ವಾಷರುಗಳನ್ನೆಲ್ಲ ಈ ಕಾಲದ ಪೆಟ್ರೋಲಿಗೆ ತಾಳುವ ಜಾತಿಯವನ್ನಾಗಿ ಬದಲಾಯಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದುಮಾಡಬೇಕು. ಗಾಡಿಯನ್ನು ಕೊಡಿಸಿದ ಕಬ್ಬೇ ಅದರ ಕೊಳವೆಯನ್ನು ತಿಂದದ್ದನ್ನು ಕೇಳಿ ಅಕ್ಕನಿಗೂ ನಗು ಬಂದಿತು.

ಸಾಯಂಕಾಲದ ಹೊತ್ತಿಗೆ ಎಂಜಿನು ಎರಡು ಬಾರಿ ಕೆಮ್ಮಿ, ಹೊಗೆಯುಗುಳಿ, ಆಮೇಲೆ ಹದವಾಗಿ ಓಡಿತು. ಅಕ್ಕ ಒಳಗಿನಿಂದ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಆ ಶಬ್ದವನ್ನು ಅವಳು ನಾಲ್ಕು ವರ್ಷಗಳಿಂದ ಕೇಳಿರಲಿಲ್ಲ. ಏನನ್ನೂ ಹೇಳದೆ ಒಳಕ್ಕೆ ಹೋದಳು.

ಮೂರನೆಯ ದಿನ ಬ್ರೇಕಿನ ಸರದಿ. ಈ ಗಾಡಿಯಲ್ಲಿ ಕಾಲಿನಿಂದ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಎಣ್ಣೆಯು ಕೊಳವೆಗಳಲ್ಲಿ ನುಗ್ಗಿ ನಾಲ್ಕು ಚಕ್ರಗಳನ್ನೂ ಹಿಡಿಯುತ್ತದೆ. ನಾಲ್ಕಕ್ಕೂ ಒಂದೇ ಹರಿವು. ಎಲ್ಲಿಯಾದರೂ ಒಂದು ಕಡೆ ಸೋರಿದರೆ ಎಣ್ಣೆಯೆಲ್ಲ ಆ ದಾರಿಯಲ್ಲಿಯೇ ಹೋಗಿ ನಾಲ್ಕು ಚಕ್ರಗಳ ಹಿಡಿತವೂ ತಪ್ಪುತ್ತದೆ. ಒಡ್ಡಿನಲ್ಲಿ ಒಂದು ಏಡಿಯ ಬಿಲವಾದರೂ ಗದ್ದೆಯ ನೀರೆಲ್ಲ ಬಸಿದುಹೋಗುವುದಿಲ್ಲವೇ, ಹಾಗೆ. ಮೇಸ್ತ್ರಿಗಳು ಹಿಂದಿನ ಎಡಚಕ್ರದ ಬಳಿ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ನಮ್ಮನ್ನು ಕರೆದು ತೋರಿಸಿದರು. ಆ ಚಕ್ರಕ್ಕೆ ಹೋಗುವ ಸಣ್ಣ ಕೊಳವೆಯನ್ನು ಯಾರೋ ಸುತ್ತಿಗೆಯಿಂದ ಬಡಿದು ಚಪ್ಪಟೆಮಾಡಿ, ಮಡಿಸಿ, ಮತ್ತೆ ಬಡಿದಿದ್ದರು.

“ಆ ಚಕ್ರದ ಸಿಲಿಂಡರು ಸೋರುತ್ತಿತ್ತು. ಹೊಸದು ಹಾಕಿಸಲಿಲ್ಲ. ಎಣ್ಣೆ ಹೋಗೋ ದಾರಿಯನ್ನೇ ಮುಚ್ಚಿಬಿಟ್ಟಿದ್ದಾರೆ. ಯಜಮಾನರು ಎಷ್ಟೋ ವರ್ಷ ಮೂರೇ ಚಕ್ರದ ಬ್ರೇಕಿನಲ್ಲಿ ಓಡಿಸಿದ್ದಾರೆ” ಎಂದರು ಮೇಸ್ತ್ರಿಗಳು.

ಅಳಿಯನ ಮುಖ ಕಪ್ಪಿಟ್ಟಿತು. ಅವನು ಗಾಡಿಯ ಮುಂಭಾಗದ ಗೂಡಿನಿಂದ ಒಂದು ಚಿಕ್ಕ ಪುಸ್ತಕವನ್ನು ತೆಗೆದನು. ಭಾವನವರು ಹಾಕಿಸಿದ ಪೆಟ್ರೋಲು, ಮಾಡಿಸಿದ ರಿಪೇರಿ ಎಲ್ಲಕ್ಕೂ ಲೆಕ್ಕವಿಡುವವರು. ಪುಟಗಳನ್ನು ಮಗುಚುತ್ತ ಹೋಗಿ ಒಂದು ಕಡೆ ನಿಂತನು. 2007ರ ಜುಲೈ ತಿಂಗಳು. “ಬ್ರೇಕ್ ಪೈಪು ಬಂದ್ ಮಾಡಿಸಿದ್ದು, 50 ರೂ. ಹೊಸ ಸಿಲಿಂಡರು ಮುಂದಿನ ಕಟಾವಿಗೆ” ಎಂದು ಬರೆದಿದ್ದಿತು. ಅದರ ಕೆಳಗಿನ ಸಾಲು ಗಾಡಿಯ ಲೆಕ್ಕಕ್ಕೆ ಸೇರಿದ್ದಲ್ಲ. “ಮಗನ ಡಿಪ್ಲೊಮಾ ಫೀಜು” ಎಂದಿದ್ದಿತು. ಕಬ್ಬಿನ ಹಣ ಸಕಾಲಕ್ಕೆ ಕೈಸೇರದ ವರ್ಷಗಳು ಅವು. ಮುಂದಿನ ವರ್ಷದ ಪುಟದಲ್ಲಿಯೂ ‘ಮುಂದಿನ ಕಟಾವಿಗೆ’. ಅದರ ಮುಂದಿನ ವರ್ಷವೂ ಅದೇ. ಆಮೇಲೆ ಬರೆಯುವುದನ್ನು ಬಿಟ್ಟಿದ್ದರು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಅಕ್ಕನಿಗೆ ಭಾವನವರ ಮೇಲೆ ಒಂದೇ ಒಂದು ಹಳೆಯ ದೂರು ಇದ್ದಿತು. ಗಾಡಿ ಕೊಂಡಾಗ, ಪ್ರತಿ ವರ್ಷವೂ ಮೇಲುಕೋಟೆಯ ವೈರಮುಡಿಗೆ ಅದರಲ್ಲಿಯೇ ಕರೆದುಕೊಂಡು ಹೋಗುವೆನೆಂದು ಅವರು ಮಾತು ಕೊಟ್ಟಿದ್ದರು. ಕೆಲವು ವರ್ಷ ಹೋದರು. ಆಮೇಲೆ ಏನಾದರೊಂದು ನೆಪ, ಬಸ್ಸಿನಲ್ಲಿ ಹೋಗೋಣವೆನ್ನುವರು. ಮಂಡ್ಯಕ್ಕೆ, ಸಂತೆಗೆ ಗಾಡಿ ಹೊರಡುವುದು, ಬೆಟ್ಟಕ್ಕೆ ಹೊರಡದು. “ಪೆಟ್ರೋಲಿನ ಲೋಭ” ಎಂದು ಅಕ್ಕ ನನ್ನ ಮುಂದೆ ಎಷ್ಟೋ ಸಲ ಆಡಿಕೊಂಡಿದ್ದಾಳೆ.

ಅವಳು ಆ ಚಪ್ಪಟೆಯಾದ ಕೊಳವೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. “ಹಾಗಾದರೆ ಬೆಟ್ಟ ಇಳಿಯೋ ಹಾಗಿರಲಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹೇಳಬಹುದಿತ್ತು” ಎಂದಳು. ಕೊಳವೆಯನ್ನು ಕೆಳಗಿಡದೆ ಹಾಗೆಯೇ ಒಳಗೆ ತೆಗೆದುಕೊಂಡು ಹೋದಳು.

ಭಾವನವರು ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ಮೂರು ಚಕ್ರದ ಬ್ರೇಕಿನಲ್ಲಿ ಸಂತೆಗೆ ಹೋಗುವುದೂ ಅಪಾಯವೇ. ಒಂದು ಕಡೆಯ ಚಕ್ರ ಹಿಡಿಯದಿದ್ದರೆ ಗಾಡಿಯು ಇನ್ನೊಂದು ಕಡೆಗೆ ಎಳೆದೀತು, ಎದುರಿಗೆ ಬಂದವರ ಗತಿಯೇನು? ತನ್ನವರನ್ನು ಬೆಟ್ಟಕ್ಕೆ ಒಯ್ಯದಷ್ಟು ವಿವೇಕವಿದ್ದವರು ಗಾಡಿಯನ್ನೇ ನಿಲ್ಲಿಸಬೇಕಾಗಿದ್ದಿತು. ಬಡತನವನ್ನು ಮುಚ್ಚಿಡುವ ಗೃಹಸ್ಥರು ಅನೇಕ ವೇಳೆ ಮುಚ್ಚಬಾರದ ಕಡೆ ಮುಚ್ಚುತ್ತಾರೆ. ಈ ಲೇಖನವನ್ನು ಓದುವ ಯಜಮಾನರಲ್ಲಿ ಯಾರಾದರೂ ‘ಮುಂದಿನ ಕಟಾವಿಗೆ’ ಎಂದು ಬರೆದಿಟ್ಟುಕೊಂಡಿದ್ದರೆ, ಅದು ಬ್ರೇಕಿನ ವಿಷಯವಾಗಿದ್ದರೆ, ದಯವಿಟ್ಟು ಇಂದೇ ಮನೆಯವರಿಗೆ ಹೇಳಬೇಕು.

ಆ ರಾತ್ರಿ ಎಂಜಿನಿನ ವಿಷಯವನ್ನು ನಾನು ಎತ್ತುವುದಕ್ಕೆ ಮುಂಚೆ ಅಳಿಯನೇ ಎತ್ತಿದನು. ವೇಗದ ಆಸೆ ಕೆಟ್ಟದ್ದಲ್ಲವೆಂದು ಮೇಸ್ತ್ರಿಗಳೂ ಹೇಳಿದ್ದರು. ಮದರಾಸಿನ ಹತ್ತಿರ ಶೋಳಾವರಂ ಎಂಬಲ್ಲಿ ಯುದ್ಧಕಾಲದ ವಿಮಾನದಾರಿಯೊಂದರಲ್ಲಿ ಬಹಳ ವರ್ಷ ಮೋಟಾರು ಪಂದ್ಯಗಳು ನಡೆದವು. ಇದೇ ಜಾತಿಯ ಫಿಯೆಟ್ಟುಗಳು ಅಲ್ಲಿ ಓಡಿದವು. ಪಂದ್ಯದವರು ಎಂಜಿನಿನ ತಲೆಯ ತಳವನ್ನು ಲೇತಿನ ಅಂಗಡಿಯಲ್ಲಿ ತೆಳ್ಳಗೆ ತರೆಸುತ್ತಿದ್ದರು. ಆಗ ಒಳಗಿನ ಜಾಗ ಕಿರಿದಾಗಿ, ಅನಿಲವು ಹೆಚ್ಚು ಒತ್ತಲ್ಪಟ್ಟು, ಉರಿದಾಗ ಹೆಚ್ಚು ಬಲವಾಗಿ ನೂಕುತ್ತದೆ. ಗಾಣದ ಉರುಳೆಗಳನ್ನು ಬಿಗಿಮಾಡಿದರೆ ಹಾಲು ಹೆಚ್ಚು ಬರುವಂತೆ. ಆದರೆ ಬಿಗಿಮಾಡಿದ ಗಾಣದಲ್ಲಿ ಉರುಳೆಯೂ ಬೇಗ ಸವೆಯುವುದು; ಎಂಜಿನಿಗೂ ಹಾಗೆಯೇ. ಪಂದ್ಯದವರು ಪ್ರತಿ ಪಂದ್ಯಕ್ಕೂ ಎಂಜಿನನ್ನು ಬಿಚ್ಚಿ ಜೋಡಿಸಬಲ್ಲರು, ಗೃಹಸ್ಥನು ಮಾಡಲಾರನು. ಬೇರೆ ದೊಡ್ಡ ಎಂಜಿನನ್ನು ಕೂರಿಸಿದರಂತೂ, ಚಿಕ್ಕ ಎಂಜಿನಿಗೆಂದು ಮಾಡಿದ ಗೇರು, ಅಚ್ಚು, ಬ್ರೇಕುಗಳೆಲ್ಲ ಆ ಭಾರವನ್ನು ತಾಳಬೇಕು.

ಕಾನೂನೂ ಇದಕ್ಕೆ ಅಡ್ಡವಿದೆ. ನೋಂದಣಿಯ ಪತ್ರದಲ್ಲಿರುವ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಕೂಡದೆಂದು 1988ರ ಮೋಟಾರು ವಾಹನಗಳ ಶಾಸನದ 52ನೆಯ ಪ್ರಕರಣವು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಎಂಜಿನು ಬದಲಾಯಿಸಲು ಅಧಿಕಾರಿಗಳ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿ ಅಪಘಾತವಾದರೆ ವಿಮೆಯವರು ಕೈಯೊದರಿಬಿಡಬಹುದು.

“ಹಾಗಾದರೆ ಗುಣಾಧಾನವೇ ಬೇಡವೇ, ಮಾವ?” ಎಂದನು ಅಳಿಯ. ನನ್ನ ಶಾಸ್ತ್ರವನ್ನು ಅವನು ಮರೆತಿರಲಿಲ್ಲ!

ಬೇಕು. ಆದರೆ ಯಾವ ಗುಣವನ್ನು ವಸ್ತುವು ಧರಿಸಬಲ್ಲುದೋ ಅದನ್ನು ಮಾತ್ರ. ಇದಕ್ಕೆ ದೃಷ್ಟಾಂತವು ಹತ್ತಿರದಲ್ಲಿಯೇ ಇದೆ. ಮಂಡ್ಯದ ಬಳಿಯ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಮಾಡಿ ‘ಇಂಡಾಫ್’ ಎಂಬ ತಳಿಗಳನ್ನು ತೆಗೆದರು. ಇಳುವರಿ ಬಹಳವಾಗಿ ಹೆಚ್ಚಿತು. ಆದರೆ ಬೆಳೆದದ್ದು ರಾಗಿಯೇ. ಒಕ್ಕಲಿಗನ ಮನೆಯ ಮುದ್ದೆ ಮುದ್ದೆಯಾಗಿಯೇ ಉಳಿಯಿತು. ಅಂಥದು ಗುಣಾಧಾನ.

ಹೀಗೆಂದು ನಾವು ಮೂವರೂ ಕುಳಿತು ಪಟ್ಟಿಯನ್ನು ಬರೆದೆವು. ಬ್ರೇಕಿನ ಕೊಳವೆಗಳು, ಸಿಲಿಂಡರುಗಳು ನಾಲ್ಕು ಚಕ್ರಕ್ಕೂ ಹೊಸವು. ಒಂದೇ ಹರಿವಿನ ಮಾಸ್ಟರ್ ಸಿಲಿಂಡರಿನ ಬದಲು ಎರಡು ಪ್ರತ್ಯೇಕ ಹರಿವುಗಳುಳ್ಳದ್ದು. ಒಂದು ಸೋರಿದರೂ ಇನ್ನೊಂದು ಎರಡು ಚಕ್ರಗಳನ್ನಾದರೂ ಹಿಡಿಯುವುದು. ಸೊಂಟಕ್ಕೂ ಹೆಗಲಿಗೂ ಬರುವ ಸೀಟು ಪಟ್ಟಿಗಳು. ಹೊಸ ರೇಡಿಯಲ್ ಟೈರುಗಳು. ದೀಪಗಳಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತನ್ನು ಕೊಡುವ ರಿಲೇ. ಮಿಣುಕುತ್ತಿದ್ದ ದೀಪವು ಇದರಿಂದ ಚೆನ್ನಾಗಿ ಉರಿಯುವುದು. ಎಂಜಿನು, ಬಣ್ಣ, ಸ್ಟೇರಿಂಗಿನ ಪಕ್ಕದಲ್ಲಿರುವ ಗೇರಿನ ಕಡ್ಡಿ ಎಲ್ಲವೂ ಇದ್ದಂತೆಯೇ. ಇವಕ್ಕೂ ತಿಳಿದವರ ಕೈ ಬೇಕು. ಪರೀಕ್ಷೆಗೆ ಹೋದಾಗ ಅಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಜಪಾನಿನ ಎಂಜಿನಿಗೆಂದು ಕೂಡಿಟ್ಟಿದ್ದ ಹಣವು ಇಷ್ಟಕ್ಕೆ ಸಾಕಾಗಿ ನೋಂದಣಿಯ ಶುಲ್ಕಕ್ಕೂ ಉಳಿಯಿತು. ಅಕ್ಕ ಕೇಳುತ್ತ ಕುಳಿತಿದ್ದಳು. ಗುಜರಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಸಾಮಾನುಗಳು ಬೆಂಗಳೂರಿನ ಜೆ. ಸಿ. ರಸ್ತೆಯಿಂದ ಬರಲು ಎರಡು ವಾರವಾಯಿತು. ಕೊನೆಯ ಕೆಲಸಕ್ಕೆ ನಾನೂ ಹೋಗಿದ್ದೆನು. ಬ್ರೇಕಿನ ಎಣ್ಣೆಯಲ್ಲಿ ಗಾಳಿ ಉಳಿಯಬಾರದು. ಎಣ್ಣೆ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುವುದು. ಆದಕಾರಣ ಒಬ್ಬನು ಒಳಗೆ ಕುಳಿತು ಕಾಲಿನಿಂದ ಒತ್ತಬೇಕು. ಇನ್ನೊಬ್ಬನು ದೂರದ ಚಕ್ರದಿಂದ ಮೊದಲುಮಾಡಿ ಒಂದೊಂದಾಗಿ ಮೊಳೆಯನ್ನು ಸಡಿಲಿಸಿ ಗಾಳಿಯನ್ನು ಹೊರಗೆ ಬಿಡಬೇಕು. ಒತ್ತುವವನು ನಾನಾದೆನು. “ಒತ್ತಿ. ಹಿಡಿದುಕೊಳ್ಳಿ. ಬಿಡಬೇಡಿ ಮಾವ! ಈಗ ಬಿಡಿ. ಮತ್ತೆ ಒತ್ತಿ” ಎಂದು ಅಳಿಯ ಹೇಳುವನು, ನಾನು ಮಾಡುವೆನು. ಎಷ್ಟೋ ಮಕ್ಕಳಿಗೆ ಶಬ್ದರೂಪಗಳನ್ನು ಹೀಗೆಯೇ ಹೇಳಿಕೊಟ್ಟವನು ಇಂದು ಶಿಷ್ಯನಾದೆನು. ಮೂವತ್ತು ನಲವತ್ತು ಸಲದ ಮೇಲೆ ಕಾಲಿನ ಕೆಳಗಿನ ಮೆದುತನ ಹೋಗಿ ಗಟ್ಟಿಯಾಯಿತು. ಆ ಎಣ್ಣೆಯೂ ಗಾಳಿಯ ತೇವವನ್ನು ಹೀರುವಂಥದು. ಎರಡು ವರ್ಷಕ್ಕೊಮ್ಮೆ ತೆಗೆದು ಹೊಸದನ್ನು ಹಾಕಬೇಕೆಂದು ಮೇಸ್ತ್ರಿಗಳು ಎಚ್ಚರಿಸಿದರು. ಅಳಿಯನು ಅದನ್ನು ಅಪ್ಪನ ಪುಸ್ತಕದ ಮುಂದಿನ ಪುಟದಲ್ಲಿಯೇ ಬರೆದುಕೊಂಡನು. ಈ ಕೆಲಸವನ್ನು ಮನೆಯಲ್ಲಿ ಮಾಡುವವರು ಎರಡನ್ನು ಮರೆಯಬಾರದು: ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಹೋಗಬಾರದು, ಪೆಟ್ರೋಲು ಬಿಚ್ಚಿರುವಲ್ಲಿ ಬೆಂಕಿ ಸುಳಿಯಬಾರದು.

ಪರೀಕ್ಷೆ, ನವೀಕರಣಗಳೆಲ್ಲ ಮುಗಿದು, ಫಾಲ್ಗುಣದಲ್ಲಿ ವೈರಮುಡಿಗೆ ಹೊರಟೆವು. ಜನಜಂಗುಳಿಯ ದಿನ ಗಾಡಿಯನ್ನು ಬೆಟ್ಟದ ಮೇಲಕ್ಕೆ ಒಯ್ಯುವುದು ಕಷ್ಟವೆಂದು, ಉತ್ಸವವಾದ ನಾಲ್ಕು ದಿನದ ಮೇಲೆ ಹೋದೆವು. 2023ರಲ್ಲಿ ತೆರೆದ ಹೊಸ ಹೆದ್ದಾರಿಯಲ್ಲಿ ಗಾಡಿಗಳು ಬಾಣದಂತೆ ಹೋಗುತ್ತವೆ. ನಾವು ಅದನ್ನು ಬಿಟ್ಟು ಪಾಂಡವಪುರದ ಮಾರ್ಗವಾಗಿ, ಕುಂತಿಬೆಟ್ಟವನ್ನು ನೋಡುತ್ತ, ಜಕ್ಕನಹಳ್ಳಿಯ ಕಡೆಯಿಂದ ಹೋದೆವು. ಪದ್ಮಿನಿಯು ತನ್ನ ವಯಸ್ಸಿಗೆ ತಕ್ಕ ನಡಿಗೆಯಲ್ಲಿ ನಡೆಯಿತು. ದಾರಿಯಲ್ಲಿ ಎತ್ತಿನ ಗಾಡಿಯವರೂ ಶಾಲೆಯ ಮಕ್ಕಳೂ ನಿಂತು ನೋಡಿದರು. ಅಕ್ಕ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಹಣ್ಣುಕಾಯಿಯ ಬುಟ್ಟಿಯನ್ನಿಟ್ಟುಕೊಂಡು, ಹೊಸ ಪಟ್ಟಿಯನ್ನು ಬಿಗಿದುಕೊಂಡು ಕುಳಿತಿದ್ದಳು.

ಚೆಲುವನಾರಾಯಣನ ದರ್ಶನವಾಯಿತು. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿಂದೆವು. ಹಿಂದಕ್ಕೆ ಬರುವಾಗ ರಾಯಗೋಪುರದ ಬಳಿ ಸ್ವಲ್ಪ ಹೊತ್ತು ನಿಂತೆವು. ನಾಲ್ಕು ಎತ್ತರದ ಕಂಬಗಳನ್ನು ನಿಲ್ಲಿಸಿ, ಯಾವ ಕಾರಣಕ್ಕೋ ಮುಂದಕ್ಕೆ ಕಟ್ಟದೆ ಬಿಟ್ಟ ಗೋಪುರ ಅದು. ಆ ಕಾಲದವರೂ ‘ಮುಂದಿನ ಕಟಾವಿಗೆ’ ಎಂದು ಬಿಟ್ಟಿರಬೇಕೆಂದು ನಾನೆಂದೆನು. ಅಳಿಯ ನಕ್ಕನು. ಅಕ್ಕ ನಗಲಿಲ್ಲ.

ಬೆಟ್ಟವನ್ನಿಳಿಯುವ ತಿರುವುಗಳಲ್ಲಿ ನನ್ನ ಕಣ್ಣು ರಸ್ತೆಯ ಮೇಲೆ ಇರಲಿಲ್ಲ. ಅಕ್ಕನ ಕೈಯ ಮೇಲೆ ಇದ್ದಿತು. ಮೊದಲನೆಯ ತಿರುವಿನಲ್ಲಿ ಅವಳು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಳಿಯ ಗೇರನ್ನು ಇಳಿಸಿ, ಮೆಲ್ಲಗೆ ಬ್ರೇಕನ್ನು ಒತ್ತಿದನು. ಗಾಡಿಯು ಆಚೀಚೆ ಎಳೆಯದೆ ನೆಟ್ಟಗೆ ನಿಧಾನಿಸಿತು. ಮೂರನೆಯ ತಿರುವಿನ ಹೊತ್ತಿಗೆ ಅವಳ ಕೈ ಹಿಡಿಯನ್ನು ಬಿಟ್ಟು ಬುಟ್ಟಿಯ ಮೇಲೆ ಬಂದಿದ್ದಿತು.

ಕೆಳಗೆ ಬಯಲಿಗೆ ಬಂದ ಮೇಲೆ ಅವಳು ಹಿಂದಿರುಗಿ ಬೆಟ್ಟವನ್ನು ಒಮ್ಮೆ ನೋಡಿ, “ಮುಂದಿನ ವರ್ಷ ಉತ್ಸವದ ದಿನವೇ ಬರೋಣ. ಮೇಲೆ ಜಾಗವಿಲ್ಲದಿದ್ದರೆ ಗಾಡಿಯನ್ನು ಜಕ್ಕನಹಳ್ಳಿಯಲ್ಲಿ ನಿಲ್ಲಿಸಿದರಾಯಿತು” ಎಂದಳು.